ಸಾಹೇಬರ ಮುಚ್ಚಳದ ಬೋಗುಣಿ

ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಹುರಿಯುವಾಗ ಏಳುವ ಹೊಗೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಜನ್ಮವಿಡೀ ಬಿಟ್ಟುಹೋಗುವುದಿಲ್ಲ. ಸುಟ್ಟ ಎಣ್ಣೆಯ ಘಾಟು, ಗಂಟಲು ಹಿಡಿಯುವ ಒಗರು, ಅದರ ಹಿಂದೆಲ್ಲೋ ಸಣ್ಣದೊಂದು ಸಿಹಿ. ರೋಸಲಿನ್ ಚಿಕ್ಕವಳಿದ್ದಾಗ ಅವಳ ತಾಯಿ ಮಂಗಳೂರಿನ ಅಂಥದೊಂದು ಕಾರ್ಖಾನೆಯಿಂದ ದಿನಾ ಸಂಜೆ ಆ ವಾಸನೆಯನ್ನು ಸೀರೆಯಲ್ಲಿ ಹೊತ್ತುಕೊಂಡು ಮನೆಗೆ ಬರುತ್ತಿದ್ದಳು. ಬೆರಳ ತುದಿಗಳೆಲ್ಲ ಕಪ್ಪು. ಕಾರ್ಖಾನೆಯ ಗೇಟಿನಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಸೆರಗು, ಸೊಂಟ, ತುರುಬು ಎಲ್ಲ ತಡವಿ ನೋಡಿ ಹೊರಗೆ ಬಿಡುವುದು ಆಗಿನ ಕ್ರಮ. ಏಳು ವರ್ಷದ ರೋಸಲಿನ್ ಒಂದು ಸಂಜೆ ಗೇಟಿನ ಹೊರಗೆ ನಿಂತು ಅದನ್ನು ನೋಡಿದ್ದಳು. ದಾರಿಯಲ್ಲಿ ಕೇಳಿದ್ದಳು: "ಮಾಂಯ್, ಅವರು ಏನು ಹುಡುಕಿದ್ದು?" ತಾಯಿ ಅಂಗಡಿಯಲ್ಲಿ ಅವಳಿಗೊಂದು ಶುಂಠಿ ಮಿಠಾಯಿ ಕೊಡಿಸಿದಳು.

ಎರಡು ಸಾವಿರದ ಮೂರನೆಯ ಇಸವಿಯ ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ, ಕುವೈತಿನ ಜಾಬ್ರಿಯಾ ಬಡಾವಣೆಯಲ್ಲಿದ್ದ ರಾಯಭಾರಿಯೊಬ್ಬರ ಮನೆಯ ಅಡುಗೆಕೋಣೆಯಲ್ಲಿ, ತುಪ್ಪದಲ್ಲಿ ಹಾಕಿದ್ದ ಗೋಡಂಬಿ ಕರಟಿ ಆ ವಾಸನೆ ಮತ್ತೆ ಎದ್ದಿತು. ಐವತ್ತನಾಲ್ಕು ವರ್ಷದ ರೋಸಲಿನ್ ಅಲ್ಲಿಯ ಅಡುಗೆಯವಳು. ಆರು ವರ್ಷದಲ್ಲಿ ಆ ಒಲೆಯ ಮೇಲೆ ಅವಳು ಏನನ್ನೂ ಸುಟ್ಟವಳಲ್ಲ.

ಚಾಲಕ ಲೋಕನಾಥ ಹಿಂದಿನ ಬಾಗಿಲಲ್ಲಿ ತಲೆ ಹಾಕಿದ. ಕಾರ್ಕಳದ ಕಡೆಯವನು, ಬಾಡಿಗೆ ಕಾರಿನ ಕಂಪನಿಯಿಂದ ಈ ಮನೆಗೆ ಬಂದವನು. ಊರಿನಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ಅವಳನ್ನು ಬಾಯಿ ಎನ್ನುತ್ತಿದ್ದ.

"ಎಂತ ಬಾಯಿ, ಯುದ್ಧ ಅಡುಗೆಮನೆಯಿಂದಲೇ ಶುರುವಾಯ್ತಾ?"

"ನಿನ್ನ ಬಾಯಿಗೆ ಬೂದಿ ಹಾಕ. ಬೀಜ ಕರಟಿದ್ದು. ಹನ್ನೊಂದು ಜನ ಊಟಕ್ಕೆ, ಕೈ ಎಲ್ಲೋ, ತಲೆ ಎಲ್ಲೋ."

"ಹನ್ನೊಂದಲ್ಲ, ಹನ್ನೆರಡು. ಆ ಕೆಂಪು ಮೂತಿಯವನೂ ಬರ್ತಾನೆ. ಬಾಂಬು ಹಾಕ್ಲೇಬೇಕು ಅಂತ ಹೇಳುವವ. ಅವನಿಗೆ ಸ್ವಲ್ಪ ಮೆಣಸು ಜಾಸ್ತಿ ಹಾಕಿ."

ಅವಳ ತಲೆ ಎಲ್ಲಿತ್ತೆಂದರೆ ರಾಯಭಾರಿ ಸಾಹೇಬರ ತಿಜೋರಿಯಲ್ಲಿತ್ತು. ಅವಳ ಪಾಸ್‌ಪೋರ್ಟ್ ಅದರೊಳಗೆ ಇತ್ತು. ಅದನ್ನು ಕೇಳಿ ಪಡೆದು ಊರಿಗೆ ಹೋಗಬೇಕೆಂದು ಅವಳು ಒಂದು ತಿಂಗಳಿಂದ ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದಳು.

ಅವಳ ಹೆದರಿಕೆಗೆ ಕಾರಣವಿತ್ತು. ತೊಂಬತ್ತನೆಯ ಇಸವಿಯ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿನೊಳಗೆ ಬಂದಾಗ ಅವಳು ಬೇರೊಂದು ಮನೆಯಲ್ಲಿ ಆಯಾ ಆಗಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಆ ಮನೆಯವರು ಮೂರು ಕಾರುಗಳಲ್ಲಿ ಗಡಿ ದಾಟಿ ಹೋಗಿದ್ದರು. ಅಂಗಳದ ಗೇಟಿಗೆ ಹೊರಗಿನಿಂದ ಬೀಗ. ಅವಳ ಪಾಸ್‌ಪೋರ್ಟ್ ಯಜಮಾನನ ಚೀಲದಲ್ಲಿ. ಒಂಬತ್ತು ದಿನ ಅವಳು ಆ ಮನೆಯೊಳಗಿದ್ದಳು. ಪಕ್ಕದ ಬೀದಿಯ ಪ್ಯಾಲೆಸ್ತೀನಿನ ರೊಟ್ಟಿ ಸುಡುವವನೊಬ್ಬ, ಒಳಗೆ ಯಾರೋ ಇದ್ದಾರೆಂದು ಹೇಗೋ ತಿಳಿದು, ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಎರಡು ರೊಟ್ಟಿ ಎಸೆಯುತ್ತಿದ್ದ. ಅವನ ಮುಖವನ್ನು ಅವಳು ನೋಡಲೇ ಇಲ್ಲ. ಆಮೇಲೆ ಗೇಟು ಒಡೆದದ್ದು, ಗುರುತಿನ ಕಾಗದವೊಂದೂ ಇಲ್ಲದೆ ಬಾಗ್ದಾದು, ಜೋರ್ಡಾನಿನ ಮರಳಿನಲ್ಲಿ ನಿರಾಶ್ರಿತರ ಡೇರೆಯಲ್ಲಿ ನಲವತ್ತು ದಿನ. ಆ ನಲವತ್ತು ದಿನಗಳ ಬಗ್ಗೆ ಅವಳು ಯಾರ ಹತ್ತಿರವೂ ಮಾತಾಡಿದವಳಲ್ಲ. ಮತ್ತೊಮ್ಮೆ ಹಾಗೆ ಸಿಕ್ಕಿಬೀಳುವುದಿಲ್ಲ ಎಂದಷ್ಟೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

ಈಗ ಮತ್ತೆ ಇರಾಕಿನ ಮೇಲೆ ಯುದ್ಧದ ಮಾತು. ಅಲ್ಲಿ ಭಯಂಕರ ಆಯುಧಗಳನ್ನು ಅಡಗಿಸಿಟ್ಟಿದ್ದಾರೆಂದು ದೊಡ್ಡ ದೇಶಗಳು ಹೇಳುತ್ತಿದ್ದವು. ತಪಾಸಣೆಯವರು ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ. ಇನ್ನಷ್ಟು ಕಾಲ ಹುಡುಕಲಿ ಎಂದು ಕೆಲವರು, ಹುಡುಕಿದ್ದು ಸಾಕು, ಯುದ್ಧಕ್ಕೆ ಒಪ್ಪಿಗೆ ಕೊಡಿ ಎಂದು ಕೆಲವರು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಹಟ ಹಿಡಿದು ಕೂತಿದ್ದರು. ಅಲ್ಲಿಯ ಹದಿನೈದು ಕುರ್ಚಿಗಳಲ್ಲಿ ಒಂದು ಆ ವರ್ಷ ಸಾಹೇಬರ ದೇಶದ ಪಾಲಿಗೆ ಬಂದಿತ್ತು. ಸಣ್ಣ ದೇಶ. ಅದುವರೆಗೆ ಯಾರೂ ಕೇಳದಿದ್ದ ಅದರ ಅಭಿಪ್ರಾಯವನ್ನು ಈಗ ಎಲ್ಲರೂ ಕೇಳತೊಡಗಿದ್ದರು. ಆದ್ದರಿಂದಲೇ ಈ ಔತಣಗಳು.

ಆ ಮಧ್ಯಾಹ್ನ ಮೀನು ಬಡಿಸುತ್ತ ರೋಸಲಿನ್ ಎಲ್ಲವನ್ನೂ ಕೇಳಿಸಿಕೊಂಡಳು. ಸಿಸ್ಟರುಗಳ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಇಂಗ್ಲಿಷು, ಮೇಲೆ ಆರು ವರ್ಷ ಮೇಜಿನ ಹಿಂದೆ ನಿಂತು ಕಲಿತದ್ದು.

"ಅವರ ಹತ್ತಿರ ಇಲ್ಲವಾದರೆ ಇಲ್ಲ ಅಂತ ತೋರಿಸಲಿ," ಎಂದ ಕೆಂಪು ಮುಖದ ಅತಿಥಿ. "ತೋರಿಸುವ ಹೊಣೆ ಅವರದ್ದು."

ಸಾಹೇಬರು ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟರು. ಬೆಳ್ಳಗಿನ ಕೂದಲು, ತಗ್ಗಿದ ಸ್ವರ. "ಇಲ್ಲದ ವಸ್ತುವನ್ನು ಯಾರಾದರೂ ಹೇಗೆ ತೋರಿಸುತ್ತಾರೆ? ಹುಡುಕುವವರಿಗೆ ಸಮಯ ಕೊಡಬೇಕು. ಸಿಗಲಿಲ್ಲ ಎಂಬ ಸಿಟ್ಟಿಗೆ ಮನೆಗೇ ಬೆಂಕಿ ಹಚ್ಚಿದರೆ ಒಳಗಿರುವ ಬಡವರು ಸಾಯುತ್ತಾರೆ. ನಾವು ಅವರ ಪರವಾಗಿ ಮಾತಾಡದಿದ್ದರೆ ಇನ್ಯಾರು?"

ವಯಸ್ಸಾದ ಅತಿಥಿಯೊಬ್ಬಳು ಕರವಸ್ತ್ರದಿಂದ ಕಣ್ಣೊತ್ತಿಕೊಂಡಳು. ರೋಸಲಿನ್ ಎರಡನೆಯ ಸಲ ಬಡಿಸುವಾಗ ಮೀನಿನ ನಡು ತುಂಡನ್ನು ಆರಿಸಿ ಸಾಹೇಬರ ತಟ್ಟೆಗೆ ಹಾಕಿದಳು.

ಅತಿಥಿಗಳು ಹೋದ ಮೇಲೆ ಅದೇ ಧೈರ್ಯದಲ್ಲಿ ಅವರ ಓದುವ ಕೋಣೆಗೆ ಹೋಗಿ ಪಾಸ್‌ಪೋರ್ಟ್ ಕೇಳಿದಳು. ತೊಂಬತ್ತರ ಕತೆಯನ್ನು, ಆ ನಲವತ್ತು ದಿನಗಳನ್ನು ಬಿಟ್ಟು, ಮೂರೇ ವಾಕ್ಯದಲ್ಲಿ ಹೇಳಿದಳು. ಸಾಹೇಬರು ಅವಳಿಗೆ ಕುರ್ಚಿ ಕೊಟ್ಟರು. ಯಾವ ಮನೆಯ ಯಜಮಾನನೂ ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ.

"ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ, ರೋಸಲಿನ್. ಆದರೆ ಯೋಚನೆ ಮಾಡಿ. ತಪಾಸಣೆ ಸರಿಯಾಗಿ ನಡೆಯುತ್ತಿದೆ, ಯುದ್ಧ ಬೇಕಾಗಿಲ್ಲ ಎಂದು ನಾನು ಎಲ್ಲ ಕಡೆ ಹೇಳುತ್ತಿದ್ದೇನೆ. ನನ್ನ ಅಡುಗೆಯವರೇ ಗಂಟುಮೂಟೆ ಕಟ್ಟಿದರೆ? ನಾಳೆ ಪಕ್ಕದ ರಾಯಭಾರಿಯ ಅಡುಗೆಯವನಿಗೆ ಗೊತ್ತಾಗುತ್ತದೆ, ನಾಡಿದ್ದು ಪಕ್ಕದ ರಾಯಭಾರಿಗೆ. ಇವನ ಮನೆಯಲ್ಲೇ ಇವನ ಮಾತನ್ನು ಯಾರೂ ನಂಬುವುದಿಲ್ಲ ಎನ್ನುತ್ತಾರೆ. ನೀವು ಇಲ್ಲಿ ಇರುವುದೇ ಶಾಂತಿಗೆ ಒಂದು ಬೆಂಬಲ. ನಾವು ಹೊರಡುವ ದಿನ ಬಂದರೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರುತ್ತದೆ. ನನ್ನ ಮಾತು."

ಲೋಕನಾಥ ಇದನ್ನು ಕೇಳಿ ಕಾರಿನ ಬಾನೆಟ್ಟಿಗೆ ಒರಗಿ ನಕ್ಕ. "ಶಾಂತಿಗೆ ಬೆಂಬಲವಾ? ಹಾಗಾದ್ರೆ ನಿಮಗೂ ಒಂದು ಬಾವುಟ ಕೊಡ್ಲಿಕ್ಕೆ ಹೇಳಿ. ಸೌಟಿಗೆ ಕಟ್ಟುವ."

"ನಗಬೇಡ. ಒಳ್ಳೆಯವರು ಅವರು. ಕೂತ್ಕೊಳ್ಳಿ ಅಂತ ಹೇಳಿದ್ರು."

"ಕೂತ್ಕೊಳ್ಳಿ ಅಂತ್ಲೇ ಬಾಯಿ ಹೇಳಿದ್ದು. ಹೋಗಿ ಅಂತ ಅಲ್ಲ."

ಮಾರ್ಚ್ ಬಂತು. ಶಾಲೆಗಳು ಖಾಲಿಯಾದವು. ಖೈತಾನಿನ ಅಂಗಡಿಗಳಲ್ಲಿ ಕಿಟಕಿಗೆ ಅಂಟಿಸುವ ಪ್ಲಾಸ್ಟಿಕ್ಕು, ಟೇಪು ಮುಗಿದುಹೋಯಿತು. ಸಾಹೇಬರ ಮನೆಗೆ ವಿಷದ ಗಾಳಿಯಿಂದ ಕಾಪಾಡುವ ಮುಖವಾಡಗಳು ಬಂದವು: ಸಾಹೇಬರಿಗೆ, ಅವರ ಹೆಂಡತಿ ಮೇಡಂಗೆ, ಕಚೇರಿಯ ಅವರ ದೇಶದ ನಾಲ್ವರಿಗೆ. ಮೇಡಂ ಒಂದನ್ನು ರೋಸಲಿನ್‌ಳ ಮುಖಕ್ಕೆ ಹಾಕಿ, ಪಟ್ಟಿ ಬಿಗಿದು, "ಉಸಿರಾಡು ನೋಡೋಣ," ಎಂದಳು. ರೋಸಲಿನ್ ಉಸಿರಾಡಿದಳು. "ಸರಿಯಾಗಿ ಕೆಲಸ ಮಾಡುತ್ತದೆ," ಎಂದು ಬಿಚ್ಚಿ, ಡೆಟಾಲಿನಲ್ಲಿ ಅದ್ದಿದ ಬಟ್ಟೆಯನ್ನು ಅವಳ ಕೈಗೇ ಕೊಟ್ಟು ಒಳಗೆಲ್ಲ ಒರೆಸಿಸಿ ಪೆಟ್ಟಿಗೆಗೆ ಹಾಕಿಟ್ಟಳು.

ಆ ವಾರದ ಔತಣದಲ್ಲಿ ಸಾಹೇಬರ ಮಾತು ಬದಲಾಗಿತ್ತು. ರಾಜಧಾನಿಯಿಂದ ಹೊಸ ಸೂಚನೆ ಬಂದಿದೆಯೆಂದು ಲೋಕನಾಥ ಕಾರಿನಲ್ಲಿ ಕೇಳಿಸಿಕೊಂಡಿದ್ದ. ಯಾವುದೋ ದೊಡ್ಡ ದೇಶ ಏನನ್ನೋ ಕೊಡುತ್ತೇನೆಂದಿತ್ತಂತೆ. ಸಾಹೇಬರು ಅದೇ ತಗ್ಗಿದ ಸ್ವರದಲ್ಲಿ, ಹಾಗೆಯೇ ಫೋರ್ಕನ್ನು ಕೆಳಗಿಟ್ಟು ಹೇಳಿದರು: "ಹನ್ನೆರಡು ವರ್ಷ ಸಮಯ ಕೊಟ್ಟಾಯಿತು. ಇಲ್ಲ ಎಂದು ತೋರಿಸುವ ಹೊಣೆ ಅವರದ್ದು. ನಾವು ಸುಮ್ಮನೆ ಕೂತರೆ ಅಲ್ಲಿಯ ಬಡವರೇ ನಮ್ಮನ್ನು ಕ್ಷಮಿಸುವುದಿಲ್ಲ." ಕೆಂಪು ಮುಖದವನು ಗ್ಲಾಸು ಎತ್ತಿದ. ಪಾಯಸದ ಬಟ್ಟಲು ಹಿಡಿದು ನಿಂತಿದ್ದ ರೋಸಲಿನ್‌ಗೆ, ಹೋದ ತಿಂಗಳು ತನಗೆ ಕೊಟ್ಟ ಮಾತೂ ಇದೇ ಬಾಯಿಯಿಂದ ಬಂದದ್ದು ಎಂದು ನೆನಪಾಯಿತು.

"ಹದಿನೈದು ಮಂದಿ ಕೈಯೆತ್ತಲಿಕ್ಕೆ ಎಷ್ಟು ದಿನ ಬಾಯಿ?" ಎಂದ ಲೋಕನಾಥ. "ನಮ್ಮೂರ ಹಾಲಿನ ಸೊಸೈಟಿಯಲ್ಲಿ ಅರ್ಧ ಗಂಟೆಯಲ್ಲಿ ಜಗಳ, ವೋಟು, ಚಾ, ಎಲ್ಲ ಖಲಾಸ್." ಆದರೆ ಅವನೂ ಈಗ ನಗುತ್ತಿರಲಿಲ್ಲ. ಅಬ್ಬಾಸಿಯಾದ ಟ್ರಾವೆಲ್ಸಿನವನ ಕೈಕಾಲು ಹಿಡಿದು ಅವಳಿಗೊಂದು ಟಿಕೆಟ್ಟು ತಂದುಕೊಟ್ಟ. ಮಾರ್ಚ್ ಹದಿನೆಂಟರ ಸಂಜೆ, ಮುಂಬಯಿಗೆ. ಆಮೇಲಿನ ವಿಮಾನಗಳ ಭರವಸೆ ಇಲ್ಲವೆಂದು ಟ್ರಾವೆಲ್ಸಿನವ ಹೇಳಿದ್ದ.

ಹದಿನೇಳರಂದು ನ್ಯೂಯಾರ್ಕಿನಲ್ಲಿ, ಯುದ್ಧ ಬೇಕೆಂದವರು ಬೇಕಾದಷ್ಟು ಕೈಗಳು ಏಳುವುದಿಲ್ಲವೆಂದು ಕಂಡು ತಮ್ಮ ನಿರ್ಣಯವನ್ನೇ ಹಿಂದಕ್ಕೆ ತೆಗೆದುಕೊಂಡರು. ಮತವೇ ಇಲ್ಲ. ಒಪ್ಪಿಗೆಯಿಲ್ಲದೆಯೂ ಯುದ್ಧ ಆಗುತ್ತದೆ ಎಂದಾಯಿತು. ಸಾಹೇಬರು ಬದಲಿಸಿಕೊಂಡ ಮಾತನ್ನು ಯಾರೂ ಕೇಳಲೇ ಇಲ್ಲ. ಮರುದಿನ ಬೆಳಿಗ್ಗೆ ಮನೆ ಮುಚ್ಚಬೇಕೆಂದು ಆ ರಾತ್ರಿಯೇ ಆಜ್ಞೆ ಬಂತು.

ಮನೆ ಮುಚ್ಚುವುದಕ್ಕೆ ಅವರಲ್ಲೊಂದು ಕ್ರಮವಿತ್ತು. ಸರ್ಕಾರದ ಮುದ್ರೆಯಿರುವ ತಟ್ಟೆ, ಚಮಚ, ಬೋಗುಣಿ, ಎಲ್ಲವನ್ನೂ ಪಟ್ಟಿ ಹಿಡಿದು ಎಣಿಸಬೇಕು. ಅಡುಗೆಯವಳ ಸಹಿ ಬೀಳಬೇಕು. ಆಮೇಲೆ ಅವಳ ಪಾಸ್‌ಪೋರ್ಟ್ ಅವಳಿಗೆ. ಕೊನೆಗೆ ಸಾಹೇಬರೂ ಕಚೇರಿಯ ಕಾರ್ಯದರ್ಶಿಯೂ ಕೂಡಿ ತಿಜೋರಿಗೆ ಅರಗಿನ ಮೊಹರು ಹಾಕಬೇಕು. ಇಬ್ಬರೂ ಇದ್ದರೆ ಮಾತ್ರ ಅದನ್ನು ಒಡೆಯಬಹುದು.

ಎಂಟು ಗಂಟೆಗೆ ಮೇಡಂ ಎಣಿಸಲು ಕೂತಳು. ಒಂಬತ್ತಕ್ಕೆ ತಲೆಯೆತ್ತಿದಳು. "ಮುಚ್ಚಳದ ಬೋಗುಣಿ ಆರು ಇರಬೇಕು. ಐದು ಇದೆ."

ರೋಸಲಿನ್‌ಗೆ ಆಗಲೇ ನೆನಪಾದದ್ದು. ಮನೆ ಗುಡಿಸಲು ಬರುತ್ತಿದ್ದ ಪಾತುಂಞಿ ಎಂಬ ಕರಾವಳಿಯ ಬ್ಯಾರಿ ಮುಸ್ಲಿಂ ಹೆಂಗಸು ಹತ್ತು ದಿನದ ಹಿಂದೆ ಹೊಟ್ಟೆಯ ಆಪರೇಷನ್ ಆಗಿ ಖೈತಾನಿನ ತನ್ನ ಕೋಣೆಯಲ್ಲಿ ಮಲಗಿದ್ದಳು. ಅವಳಿಗೆ ಕೋಳಿಸೂಪು ಕಳಿಸುವಾಗ, ತನ್ನ ಡಬ್ಬಿಯ ಮುಚ್ಚಳ ಸೋರುತ್ತದೆಂದು, ಬಿಸಿ ಆರಬಾರದೆಂದು, ದಪ್ಪ ಮುಚ್ಚಳದ ಆ ಬೋಗುಣಿಯಲ್ಲಿ ಹಾಕಿ ಲೋಕನಾಥನ ಕೈಲಿ ಕೊಟ್ಟಿದ್ದಳು. ಅದನ್ನೇ ಮೇಡಂಗೆ ಹೇಳಿದಳು.

"ಸರ್ಕಾರದ ಬೋಗುಣಿಯನ್ನು ಗುಡಿಸುವವಳಿಗೆ?"

"ಈಗಲೇ ತರಿಸ್ತೇನೆ ಮೇಡಂ. ಖೈತಾನು ಇಲ್ಲೇ. ಇಪ್ಪತ್ತು ನಿಮಿಷ."

ಲೋಕನಾಥ ಸಾಮಾನುಗಳನ್ನು ತುಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿದ್ದ. ರೋಸಲಿನ್ ಫೋನು ಮಾಡಿದಳು.

"ಪಾತುಂಞಿ, ಬೋಗುಣಿ ಉಂಟಲ್ಲ, ಟ್ಯಾಕ್ಸಿ ಮಾಡಿ ಈಗಲೇ ತಾ."

"ಅಲ್ಲ ಬಾಯಿ, ನಾನೇ ನಾಳೆ ತರುವ ಅಂತಿದ್ದೆ. ಇಷ್ಟು ದಿನ ಏಳ್ಲಿಕ್ಕೆ ಆಗ್ಲಿಲ್ಲ, ಹಾಗೆ..."

"ನಾಳೆ ಅಲ್ಲ. ಈಗ."

"ಆಯ್ತು ಬಾಯಿ. ಹೊರಟೆ."

ಇಪ್ಪತ್ತು ನಿಮಿಷ ಆಯಿತು. ನಲವತ್ತಾಯಿತು. ಮೇಡಂ ಗಡಿಯಾರ ನೋಡಿ, "ಇವಳ ಕೋಣೆ ನೋಡೋಣ," ಎಂದಳು.

ಅವಳು ಸ್ವತಃ ನೋಡಿದಳು. ಊರಿಗೆಂದು ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಿ ಒಂದೊಂದೇ ಬಟ್ಟೆ ಕೊಡವಿ ನೆಲಕ್ಕೆ ಹಾಕಿದಳು. ಒಳಲಂಗಗಳನ್ನು ಬೆರಳ ತುದಿಯಲ್ಲಿ ಹಿಡಿದೆತ್ತಿದಳು. ಸತ್ತ ಗಂಡನ ಫೋಟೋದ ಹಿಂದಿನ ರಟ್ಟನ್ನು ಕಿತ್ತಳು. ಉಪ್ಪಿನಕಾಯಿಯ ಭರಣಿಗೆ ಫೋರ್ಕು ಹಾಕಿ ತಳದವರೆಗೆ ಕಲಕಿದಳು. ದೊಡ್ಡ ಬೋಗುಣಿ ಭರಣಿಯೊಳಗೆ ಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆ ಫೋರ್ಕನ್ನು ರೋಸಲಿನ್‌ಳ ಬಿಳಿ ರವಕೆಗೆ ಒರೆಸಿ, "ಇಲ್ಲಿ ಇಲ್ಲ," ಎಂದಳು. "ಅಂದರೆ ಮಾರಿದ್ದಾಳೆ."

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಅವಳ ಪಾಸ್‌ಪೋರ್ಟ್ ಅವರ ಕೈಯಲ್ಲೇ ಇತ್ತು. ರೋಸಲಿನ್ ನೆಲದ ಮೇಲಿನ ಬಟ್ಟೆ ದಾಟಿ ಅವರ ಹತ್ತಿರ ಹೋದಳು.

"ಸರ್, ನಾನು ಮಾರ್ಲಿಲ್ಲ. ಅವಳು ದಾರಿಯಲ್ಲಿದ್ದಾಳೆ. ಅರ್ಧ ಗಂಟೆ ಕೊಡಿ. ನಾನು ತೆಗೆದದ್ದಲ್ಲ ಅಂತ ಬೇರೆ ಹೇಗೆ ತೋರಿಸ್ಲಿ?"

ಸಾಹೇಬರ ಮುಖದಲ್ಲಿ ಒಂದು ಕ್ಷಣ ಏನೋ ಮಿಸುಕಿದಂತೆ ಕಂಡಿತು. ಅವರು ಕಾರ್ಯದರ್ಶಿಯ ಕಡೆ ನೋಡಿದರು. ಆತ ಅರಗಿನ ಕಡ್ಡಿ, ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದ. ಅವನ ವಿಮಾನ ಇವರದಕ್ಕಿಂತ ಮುಂಚೆ.

"ಸಮಯ ಕೊಟ್ಟೆವಲ್ಲ, ರೋಸಲಿನ್," ಎಂದರು. "ಪಟ್ಟಿ ಪೂರ್ತಿಯಾಗದೆ ನಾನು ಇದನ್ನು ಕೊಟ್ಟರೆ ನಾಳೆ ನಾನು ಉತ್ತರ ಹೇಳಬೇಕು. ನನ್ನ ಕೈಯಲ್ಲಿ ಇಲ್ಲ."

ಪಾಸ್‌ಪೋರ್ಟ್ ತಿಜೋರಿಯೊಳಗೆ ಹೋಯಿತು. ಕೆಂಪು ಅರಗು ತೊಟ್ಟಿಕ್ಕಿತು. ಇಬ್ಬರೂ ಸಹಿ ಹಾಕಿದರು. ಕಾರ್ಯದರ್ಶಿ ಎಲ್ಲರ ಕೈ ಕುಲುಕಿ, ರೋಸಲಿನ್‌ಳದನ್ನೂ ಕುಲುಕಿ, ಹೊರಟುಹೋದ.

ಹತ್ತೂವರೆಗೆ ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಪಾತುಂಞಿ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದರಲ್ಲಿ ಟವೆಲು ಸುತ್ತಿದ ಬೋಗುಣಿ ಹೊತ್ತು ಇಳಿದಳು. ಮುಖವೆಲ್ಲ ಬೆವರು, ಬೆವರಿನ ಮೇಲೆ ನಗು.

"ಬರಿ ಪಾತ್ರೆ ಹೇಗೆ ತರುದು ಬಾಯಿ? ಅಕ್ಕಿ ರವೆ ಇತ್ತು, ಉಂಡೆ ಕಟ್ಟಿ ಒಂದಿಷ್ಟು ಪುಂಡಿ ಬೇಯಿಸಿ ಹಾಕಿದೆ. ಬೇಗ ಬೇಯ್ಲಿಕ್ಕೆ ಸಣ್ಣದು ಸಣ್ಣದು ಮಾಡಿದ್ದು. ನಿಮ್ಮ ಸೂಪಿಲ್ಲದಿದ್ರೆ ನಾನು ಎದ್ದು ನಿಲ್ತಿರ್ಲಿಲ್ಲ."

ರೋಸಲಿನ್ ಬಾಯಿ ತೆರೆದಳು. ಅವಳ ತಾಯಿಯಾಗಲಿ, ಅವಳಾಗಲಿ, ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದ್ದು ಈ ಜನ್ಮದಲ್ಲಿ ಇರಲಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಿದ್ದರು. ಏನೆಂದು ಬೈಯುವುದು?

"ನೀನು ಯಾಕೆ ಏಳ್ಲಿಕ್ಕೆ ಹೋದೆ," ಎಂದಳು ಅಷ್ಟೆ. "ಹೊಲಿಗೆ ಹಸಿ ಉಂಟಲ್ಲ."

ಮೇಡಂ ಬಂದು ಬೋಗುಣಿಯನ್ನು ಪಾತುಂಞಿಯ ಕೈಯಿಂದ ತೆಗೆದುಕೊಂಡಳು. ಮುಚ್ಚಳ ತೆಗೆದಳು. ಹಬೆ ಎದ್ದಿತು. ಮೆಟ್ಟಿಲಿನ ಬಳಿಯ ಕಸದ ಬುಟ್ಟಿಯ ಮೇಲೆ ಬೋಗುಣಿಯನ್ನು ಬೋರಲು ಮಾಡಿ, ತಳದಲ್ಲಿ ಅಂಟಿದ ಒಂದು ಪುಂಡಿಯನ್ನು ಉಗುರಿನಿಂದ ಕೆರೆದು ಬೀಳಿಸಿ, ಟವೆಲಿನಿಂದ ಒರೆಸಿ ಮುದ್ರೆ ನೋಡಿದಳು. "ಆರು," ಎಂದು ಪಟ್ಟಿಯಲ್ಲಿ ಗುರುತು ಹಾಕಿ, ರೋಸಲಿನ್‌ಳ ಮುಂದೆ ಹಿಡಿದಳು. "ಇಲ್ಲಿ ಸಹಿ."

ರೋಸಲಿನ್ ಸಹಿ ಹಾಕಿದಳು. ಆಮೇಲೆ ಸಾಹೇಬರ ಕಡೆ ನೋಡಿದಳು. ಅವರು ಕೋಟು ಹಾಕಿಕೊಳ್ಳುತ್ತಿದ್ದರು.

"ಮೊಹರು ಬಿದ್ದುಹೋಯಿತಲ್ಲ, ರೋಸಲಿನ್. ಒಬ್ಬನೇ ಒಡೆಯುವ ಹಾಗಿಲ್ಲ. ಇನ್ನೊಬ್ಬ ಈಗ ವಿಮಾನ ಹತ್ತುತ್ತಿರಬೇಕು." ಅವರ ಸ್ವರ ನಿಜವಾಗಿಯೂ ಮೃದುವಾಗಿತ್ತು. "ನಾನು ನಿಮ್ಮನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ, ಇದು ನಿಮಗೆ ಗೊತ್ತಿರಲಿ. ನೀವು ತೆಗೆದಿಲ್ಲವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು."

"ಸಂಜೆ ನನ್ನ ವಿಮಾನ ಸರ್."

"ಕೆಲವೇ ವಾರ. ನಾವು ಬಂದುಬಿಡುತ್ತೇವೆ. ಮನೆಯ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ವಿಷದ ಗಾಳಿ ಗೀಳಿ ಎಂದು ಹೆದರಬೇಡಿ. ಇಷ್ಟು ತಿಂಗಳು ಹುಡುಕಿದರಲ್ಲ, ಏನೂ ಸಿಗಲಿಲ್ಲ."

ಮೇಡಂ ಮುಖವಾಡಗಳ ಪೆಟ್ಟಿಗೆಯನ್ನು ತಾನೇ ಹೊತ್ತು ಕಾರಿನಲ್ಲಿ ಕಾಲ ಬಳಿ ಇಟ್ಟುಕೊಂಡಳು. ಲೋಕನಾಥ ನಿಲ್ದಾಣದಿಂದ ಮರಳಿ ಬಂದು ಸ್ಟೀರಿಂಗಿನ ಮುಂದೆ ಕೂತಿದ್ದ. ಕಂಡದ್ದನ್ನು ಪಾತುಂಞಿ ಅವನಿಗೆ ಹೇಳಿದ್ದಳು. ಪಾತುಂಞಿ ಮೆಟ್ಟಿಲ ಮೇಲೆ ಕೂತು ಕಸದ ಬುಟ್ಟಿಯ ಕಡೆ ನೋಡುತ್ತಿದ್ದಳು. ತಾನು ಏನು ತಪ್ಪು ಮಾಡಿದೆನೆಂದು ಅವಳಿಗೆ ಮೆಲ್ಲಮೆಲ್ಲಗೆ ಅರ್ಥವಾಗುತ್ತಿತ್ತು. ರೋಸಲಿನ್ ಒಳಗೆ ಹೋಗುತ್ತ ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ದಾಟಿದಳು.

ಅಡುಗೆಕೋಣೆಯ ಮೇಜಿನ ಮೇಲೆ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿಟ್ಟದ್ದು ಇತ್ತು. ನಿಲ್ದಾಣದ ಹೋಟೆಲುಗಳೆಲ್ಲ ಮುಚ್ಚಿವೆ ಎಂದು ಲೋಕನಾಥ ಹೇಳಿದ್ದ. ಕೋಳಿಯ ಕಟ್ಲೆಟ್ಟು, ಬೆಣ್ಣೆ ಹಚ್ಚಿದ ಬ್ರೆಡ್ಡು, ಸಾಹೇಬರ ಹೊಟ್ಟೆಗೆ ಹುಳಿ ಆಗದೆಂದು ಬಟ್ಟೆ ಸುತ್ತಿದ ಬೇರೆ ಡಬ್ಬಿಯಲ್ಲಿ ಮೊಸರಿಲ್ಲದ ಅನ್ನ. ಅವಳು ಅನ್ನದ ಡಬ್ಬಿಯನ್ನು ಅಡಿಗಿಟ್ಟು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದಳು. ಹೊರಗೆ ಕಾರು ಶುರುವಾದ ಸದ್ದು ಕೇಳಿತು.

ಅವಳು ಚೀಲ ಹಿಡಿದು ಬಂದಾಗ ಕಾರು ಗೇಟಿನ ಬಳಿ ತಲುಪಿತ್ತು. ಕನ್ನಡಿಯಲ್ಲಿ ಅವಳನ್ನು ಕಂಡು ಲೋಕನಾಥ ಬ್ರೇಕು ಹಾಕಿದ. ಅವಳ ಕೈಯಲ್ಲಿರುವುದನ್ನು ಕಂಡು ತುಳುವಿನಲ್ಲಿ, "ಬೊಡ್ಚಿ ಬಾಯಿ," ಎಂದ. ಬೇಡ, ಎಂದ. ಅವಳು ಹಿಂದಿನ ಕಿಟಕಿಯ ಗಾಜಿಗೆ ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿದಳು.

ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು. ಚೀಲಕ್ಕೆ ಅಷ್ಟು ಸಾಲದು. ಸಾಹೇಬರು ಅವಳ ಮುಖ ನೋಡದೆ ಗಾಜನ್ನು ಪೂರ್ತಿ ಇಳಿಸಿದರು. ರೋಸಲಿನ್ ಚೀಲವನ್ನು ಒಳಗೆ ಚಾಚಿದಳು. ಅನ್ನದ ಡಬ್ಬಿ ಕೆಳಗಿತ್ತು, ಇನ್ನೂ ಬೆಚ್ಚಗೆ. ಅವರ ಎರಡೂ ಕೈ ಅದನ್ನು ಸರಿಯಾಗಿ ಹಿಡಿಯುವವರೆಗೆ ಅವಳು ತನ್ನ ಅಂಗೈಯನ್ನು ಅಡಿಯಿಂದ ತೆಗೆಯಲಿಲ್ಲ.